ರಾಸುಗಳ ಈಲಿ ನಾರುಗಟ್ಟುವುದು ಹೇಗೆ?

ಮಾಯಸಂದ್ರದ ಸುತ್ತಿನ ಊರುಗಳಲ್ಲಿ ಹಬ್ಬಕ್ಕೆ ಕುರಿ ಕೊಯ್ದು ಪಾಲು ಹಾಕುವಾಗ ಈಲಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಕೆಲವು ಕುರಿಗಳ ಈಲಿ ಕಗ್ಗೆಂಪಾಗಿ, ನುಣುಪಾಗಿ, ಬೆರಳಿಟ್ಟರೆ ಮೆತ್ತಗಿರುತ್ತದೆ. ಮತ್ತೆ ಕೆಲವು ಕುರಿಗಳ ಈಲಿಯ ಮೇಲೆ ಬಿಳಿ ಗೀರುಗಳಿರುತ್ತವೆ. ಒಳಗೆ ದಪ್ಪ ಗೋಡೆಯ ಬಿಳಿ ಕೊಳವೆಗಳು ಕಾಣುತ್ತವೆ. ಆ ಕೊಳವೆಯನ್ನು ಹಿಸುಕಿದರೆ ಕಂದು ರಸದ ಜೊತೆಗೆ ಎಲೆಯ ಆಕಾರದ ಚಪ್ಪಟೆ ಹುಳುಗಳು ಹೊರಬೀಳುತ್ತವೆ. ಹುಳು ಇರುವ ಭಾಗವನ್ನು ಕತ್ತರಿಸಿ ಎಸೆದು ಉಳಿದದ್ದನ್ನು ಸಾರಿಗೆ ಹಾಕುವುದು ರೂಢಿ. ಹುಳು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಆ ಬಿಳಿಯ ಗಟ್ಟಿ ಭಾಗ ಎಲ್ಲಿಂದ ಬಂತು, ಅದನ್ನು ಮಾಡಿದವರು ಯಾರು ಎಂದು ಕೇಳುವವರು ಕಡಿಮೆ.

ವಯಸ್ಸಾದ ಹಸು ಎಮ್ಮೆಗಳಲ್ಲಿ ಈ ಗಟ್ಟಿತನ ಇನ್ನೂ ಮುಂದೆ ಹೋಗಿರುತ್ತದೆ. ಸತ್ತ ರಾಸಿನ ಮರಣೋತ್ತರ ಪರೀಕ್ಷೆ ಮಾಡುವ ಪಶುವೈದ್ಯರ ಚಾಕು ಪಿತ್ತನಾಳಗಳ ಮೇಲೆ ಹಾದಾಗ ಮರಳಿನ ಮೇಲೆ ಎಳೆದಂತೆ ಕರಕರ ಸದ್ದಾಗುವುದುಂಟು. ನಾಳದ ಗೋಡೆಯಲ್ಲಿ ನಾರು ತುಂಬಿ, ಆ ನಾರಿನ ಮೇಲೆ ಸುಣ್ಣದ ಅಂಶ ಕುಳಿತಿರುವುದೇ ಇದಕ್ಕೆ ಕಾರಣ. ಇಂಥ ರಾಸು ಬದುಕಿದ್ದಾಗ ಮೇವು ತಿನ್ನುತ್ತಿತ್ತು, ಮೈ ಮಾತ್ರ ಹತ್ತುತ್ತಿರಲಿಲ್ಲ. ಹಾಲು ಇಳಿದಿತ್ತು, ಬೆದೆಗೆ ಸರಿಯಾಗಿ ಬರುತ್ತಿರಲಿಲ್ಲ. ಕೊನೆಗೆ ದವಡೆಯ ಕೆಳಗೆ ನೀರು ತುಂಬಿದ ಬಾವು ಕಾಣಿಸಿಕೊಂಡಾಗ ಜಂತಿನ ಔಷಧಿ ಕುಡಿಸಿದ್ದರು. ಹುಳು ಸತ್ತಿತು, ಆದರೂ ರಾಸು ಚೇತರಿಸಿಕೊಳ್ಳಲಿಲ್ಲ. ಔಷಧಿ ಕೆಲಸ ಮಾಡಲಿಲ್ಲವೆಂದು ರೈತರು ದೂರುತ್ತಾರೆ. ಔಷಧಿ ತನ್ನ ಕೆಲಸ ಮಾಡಿತ್ತು. ಅಷ್ಟು ಹೊತ್ತಿಗೆ ಈಲಿಯೊಳಗೆ ಹುಳುವಿಗಿಂತ ಬೇರೆಯದೇ ಒಂದು ಕೆಲಸ ಬಹಳ ದೂರ ಸಾಗಿಹೋಗಿತ್ತು. ಅದು ಯಾವ ಕೆಲಸ, ಅದನ್ನು ಯಾವ ಹಂತದವರೆಗೆ ಹಿಂದಕ್ಕೆ ತಿರುಗಿಸಬಹುದು ಎಂಬುದನ್ನು ತಿಳಿದರೆ ಔಷಧಿಯನ್ನು ಯಾವಾಗ ಕೊಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಮೂರೆಳೆಯ ಹುರಿ

ಹಳ್ಳಿಯಲ್ಲಿ ಈಲಿ ಎನ್ನುವ ಅಂಗವನ್ನೇ ಪುಸ್ತಕಗಳಲ್ಲಿ ಪಿತ್ತಜನಕಾಂಗ ಅಥವಾ ಯಕೃತ್ತು ಎಂದು ಬರೆಯುತ್ತಾರೆ. ದೊಡ್ಡ ಹಸುವಿನಲ್ಲಿ ಇದು ಐದಾರು ಕಿಲೋ ತೂಗುತ್ತದೆ. ಕರುಳಿನಲ್ಲಿ ಜೀರ್ಣವಾದ ಆಹಾರವನ್ನು ಹೊತ್ತ ರಕ್ತವೆಲ್ಲ ಮೊದಲು ಇಲ್ಲಿಗೆ ಬರುತ್ತದೆ. ಪಿತ್ತರಸ ತಯಾರಾಗುವುದು, ವಿಷಪದಾರ್ಥಗಳು ನಿರ್ವಿಷವಾಗುವುದು, ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಎಂಬ ಸಸಾರಜನಕ ಸಿದ್ಧವಾಗುವುದು ಎಲ್ಲವೂ ಇಲ್ಲಿಯೇ. ಆಲ್ಬುಮಿನ್ ಕಡಿಮೆಯಾದಾಗ ರಕ್ತದ ನೀರು ಹೊರಕ್ಕೆ ಜಿನುಗಿ, ತಲೆ ತಗ್ಗಿಸಿ ಮೇಯುವ ರಾಸಿನ ದವಡೆಯ ಕೆಳಗೆ ನಿಲ್ಲುತ್ತದೆ. ಗದ್ದ ಊದುವುದೆಂದರೆ ಇದೇ.

ಈಲಿಯೊಳಗಿನ ಅತಿ ಸಣ್ಣ ರಕ್ತನಾಳಗಳ ಗೋಡೆ ಬೇರೆ ಅಂಗಗಳ ರಕ್ತನಾಳದಂತೆ ಮುಚ್ಚಿದ್ದಲ್ಲ. ಅದರ ತುಂಬ ಸಣ್ಣ ಸಣ್ಣ ಕಿಂಡಿಗಳಿವೆ. ಕಾಲುವೆಯ ನೀರು ತೆಂಗಿನ ಪಾತಿಗೆ ಬಸಿದು ಬೇರಿಗೆ ತಲುಪುವಂತೆ ರಕ್ತದ ಸತ್ವ ಈ ಕಿಂಡಿಗಳ ಮೂಲಕ ಬಸಿದು ಈಲಿಯ ಜೀವಕೋಶಗಳಿಗೆ ತಲುಪುತ್ತದೆ. ನಾಳಕ್ಕೂ ಜೀವಕೋಶಗಳಿಗೂ ನಡುವೆ ಕಿರಿದಾದ ಒಂದು ಸಂದು ಇದೆ. ಮುಂದೆ ಹೇಳುವ ಕಥೆಯೆಲ್ಲ ನಡೆಯುವುದು ಈ ಸಂದಿನಲ್ಲಿ.

ಬಿಳಿಯ ಗಟ್ಟಿ ಭಾಗದಲ್ಲಿ ಮುಖ್ಯವಾಗಿ ಇರುವುದು ಕೊಲಾಜೆನ್ ಎಂಬ ನಾರಿನಂಥ ಸಸಾರಜನಕ. ಚರ್ಮ, ಮೂಳೆ, ಸ್ನಾಯುವಿನ ತುದಿಯ ನರಗಳಂಥ ಪಟ್ಟಿಗಳು ಎಲ್ಲವೂ ಇದರ ಬಲದಿಂದಲೇ ನಿಂತಿವೆ. ಮೂಳೆ ಬೇಯಿಸಿ ತೆಗೆಯುವ ಅಂಟು ಬೆಂದ ಕೊಲಾಜೆನ್ನೇ. ಇದರ ರಚನೆಯನ್ನು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಅವರು 1954-55ರಲ್ಲಿ ವಿವರಿಸಿದರು. ಮುಂದೆ ರಾಮಚಂದ್ರನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಅವರು ಕಂಡ ಸಂಗತಿ ತಿಪಟೂರು, ತುರುವೇಕೆರೆ ಕಡೆಯ ಜನಕ್ಕೆ ಹೇಳಿಕೊಡಬೇಕಾದದ್ದೇನೂ ಅಲ್ಲ. ಮಟ್ಟೆಯ ನಾರನ್ನು ಎಳೆಗಳಾಗಿ ಮಾಡಿ ಒಂದರ ಮೇಲೊಂದು ಹೊಸೆದು ಹುರಿ ಮಾಡುವಂತೆ ಕೊಲಾಜೆನ್ನಿನಲ್ಲಿಯೂ ಮೂರು ಎಳೆಗಳು ಒಂದರ ಸುತ್ತ ಒಂದು ಸುತ್ತಿಕೊಂಡಿವೆ. ಹೊಸೆತ ಬಿಗಿಯಾಗಿರುವುದರಿಂದ ಹುರಿಯ ನಡುವೆ ಜಾಗವಿಲ್ಲ. ಆದ್ದರಿಂದ ಎಳೆಯ ಪ್ರತಿ ಮೂರನೆಯ ಮಣಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಆಗಿರಬೇಕು. ಪ್ರೋಲಿನ್ ಎಂಬ ಇನ್ನೊಂದು ಅಮೈನೋ ಆಮ್ಲವೂ ಇದರಲ್ಲಿ ಹೇರಳ. ಪ್ರೋಲಿನ್ನಿನ ಹೆಸರನ್ನು ನೆನಪಿನಲ್ಲಿಡಬೇಕು, ಹುಳುವಿನ ಮಾತು ಬಂದಾಗ ಅದು ಮತ್ತೆ ಬರುತ್ತದೆ.

ಆರೋಗ್ಯವಾದ ಈಲಿಯಲ್ಲಿಯೂ ಈ ನಾರು ಸ್ವಲ್ಪ ಇದ್ದೇ ಇರುತ್ತದೆ. ಇಲ್ಲದಿದ್ದರೆ ಆ ಮೆತ್ತನೆಯ ಅಂಗ ಒಂದು ಮುದ್ದೆಯಾಗಿ ನಿಲ್ಲುತ್ತಿರಲಿಲ್ಲ. ಪ್ರಮಾಣ ಮಿತಿಮೀರುವುದು, ಇರಬಾರದ ಜಾಗಕ್ಕೆ ಬರುವುದು, ಇವೆರಡೇ ತೊಂದರೆ. ಕಿಂಡಿಗಳ ಪಕ್ಕದ ಸಂದು ನಾರಿನಿಂದ ತುಂಬಿತೆಂದರೆ ಪಾತಿಗೆ ನೀರು ಬಸಿಯುವುದು ನಿಂತಂತೆಯೇ. ರಕ್ತ ಪಕ್ಕದಲ್ಲಿಯೇ ಹರಿಯುತ್ತಿದ್ದರೂ ಈಲಿಯ ಜೀವಕೋಶ ಹಸಿದಿರುತ್ತದೆ.

ಹೊಸೆಯುವವರು ಯಾರು?

ಪಿತ್ತರಸ, ಆಲ್ಬುಮಿನ್ ಮುಂತಾದವನ್ನು ತಯಾರಿಸುವ ದೊಡ್ಡ ಜೀವಕೋಶಗಳೇ ಈ ನಾರನ್ನೂ ಮಾಡುತ್ತಿರಬಹುದೆಂದು ಬಹಳ ಕಾಲ ಅನೇಕರು ಊಹಿಸಿದ್ದರು. ನಿಜವಾದ ಕಸುಬುದಾರ ಬೇರೆ. ಮೇಲೆ ಹೇಳಿದ ಸಂದಿನಲ್ಲಿ, ಕೈಕಾಲು ಚಾಚಿದಂತೆ ಕವಲುಗಳನ್ನು ಚಾಚಿಕೊಂಡು ಕುಳಿತಿರುವ ಒಂದು ಬಗೆಯ ಸಣ್ಣ ಕೋಶಗಳಿವೆ. ಜರ್ಮನಿಯ ಕುಪ್ಫರ್ 1876ರಲ್ಲಿ ಇವನ್ನು ಕಂಡು ನಕ್ಷತ್ರ ಕೋಶಗಳೆಂದು ಕರೆದನು. ಆಮೇಲೆ ಅವನೇ ಇವನ್ನು ಕಸ ನುಂಗುವ ಇನ್ನೊಂದು ಬಗೆಯ ಕೋಶಗಳೊಡನೆ ಕಲಸಿಬಿಟ್ಟದ್ದರಿಂದ ಎಷ್ಟೋ ವರ್ಷ ಗೊಂದಲ ಉಳಿಯಿತು. ಇವುಗಳೊಳಗೆ ಕೊಬ್ಬಿನ ಹನಿಗಳಿರುವುದನ್ನು ಜಪಾನಿನ ಇಟೊ 1950ರ ದಶಕದಲ್ಲಿ ತೋರಿಸಿದರು. ಆ ಹನಿಗಳಲ್ಲಿ ಜೀವಸತ್ವ ಎ ದಾಸ್ತಾನಾಗಿದೆ ಎಂಬುದನ್ನೂ, ಕುಪ್ಫರ್ ಮೊದಲು ಕಂಡದ್ದು ಇವನ್ನೇ ಎಂಬುದನ್ನೂ ಅದೇ ದೇಶದ ವಾಕೆ 1971ರಲ್ಲಿ ಖಚಿತಪಡಿಸಿದರು. ಇಲಿಯ ಈಲಿಯಿಂದ ಈ ಕೋಶಗಳನ್ನು ಬೇರ್ಪಡಿಸಿ ಬೆಳೆಸಿ, ಕೊಲಾಜೆನ್ ತಯಾರಿಸುವವರಲ್ಲಿ ಇವೇ ಮುಖ್ಯವೆಂದು ಅಮೆರಿಕದ ಫ್ರೀಡ್‌ಮನ್ ಮತ್ತು ಸಂಗಡಿಗರು ತೋರಿಸಿದ್ದು 1985ರಲ್ಲಿ. ಪಿತ್ತನಾಳಗಳ ಸುತ್ತ ಇರುವ ಬೇರೆ ಕೆಲವು ನಾರು ಕೋಶಗಳೂ ಈ ಕೆಲಸದಲ್ಲಿ ಸೇರುತ್ತವೆ. ಹುಳುವಿನ ರೋಗದಲ್ಲಿ ಅವುಗಳ ಪಾಲೂ ಇದೆ.

ರಾಸು ಹಸಿರು ಮೇವು ತಿಂದಾಗ ಅದರೊಳಗಿನ ಕೆರೋಟಿನ್ ಜೀವಸತ್ವ ಎ ಆಗಿ ಮಾರ್ಪಟ್ಟು ಬಹುಪಾಲು ಈ ನಕ್ಷತ್ರ ಕೋಶಗಳಲ್ಲಿಯೇ ಸೇರುತ್ತದೆ. ಬೇಸಗೆಯಲ್ಲಿ ಬರೀ ರಾಗಿ ಹುಲ್ಲು ತಿನ್ನುವ ದನ ಹಲವು ವಾರ ತಡೆದುಕೊಳ್ಳುವುದು ಈ ಕಣಜದ ಬಲದಿಂದ. ಹೀಗೆ ಶಾಂತವಾಗಿರುವಾಗ ಈ ಕೋಶ ಅಟ್ಟದ ಮೇಲೆ ಕಾಯಿ ಜೋಡಿಸಿಟ್ಟು ಕಾಯುವ ಗೃಹಸ್ಥನಂತೆ. ಈಲಿಗೆ ಗಾಯವಾದಾಗ ಇದು ಕಣಜವನ್ನು ಖಾಲಿ ಮಾಡಿ, ಹುರಿ ಹೊಸೆಯುವ ಕೂಲಿಯಾಳಾಗಿ ಬದಲಾಗುತ್ತದೆ. ಕೋಶ ಅದೇ, ಕಸುಬು ಮಾತ್ರ ಬೇರೆ.

ಅಪ್ಪಣೆ ಎಲ್ಲಿಂದ ಬರುತ್ತದೆ?

ಗಾಯವಾದ ಕಡೆ ಸತ್ತ ಜೀವಕೋಶಗಳ ಚೂರುಗಳನ್ನು ನುಂಗಲು ಕಾವಲು ಕೋಶಗಳು ಬರುತ್ತವೆ. ಇವುಗಳೇ ಈಗ ಕುಪ್ಫರನ ಹೆಸರಿನಲ್ಲಿ ಕರೆಯಲ್ಪಡುವವು. ನುಂಗುವುದರ ಜೊತೆಗೆ ಇವು ಕೆಲವು ರಾಸಾಯನಿಕ ಸಂದೇಶಗಳನ್ನೂ ಬಿಡುತ್ತವೆ. ಅವುಗಳಲ್ಲಿ ಟಿಜಿಎಫ್-ಬೀಟಾ ಎಂಬುದು ಎಲ್ಲಕ್ಕಿಂತ ಪ್ರಬಲವಾದ ಅಪ್ಪಣೆ. ಇದು ಮುಚ್ಚಿದ ಲಕೋಟೆಯಲ್ಲಿರುವ ಕಾಗದದಂತೆ ಬೇರೆ ಸಸಾರಜನಕದಲ್ಲಿ ಸುತ್ತಿಕೊಂಡೇ ಈಲಿಯಲ್ಲಿ ಸಂಗ್ರಹವಾಗಿರುತ್ತದೆ. ಗಾಯವಾದ ಸ್ಥಳದಲ್ಲಿ ಲಕೋಟೆ ಒಡೆದಾಗ ಮಾತ್ರ ಅಪ್ಪಣೆ ಜಾರಿಗೆ ಬರುತ್ತದೆ. ಆದ್ದರಿಂದಲೇ ನಾರು ಗಾಯದ ಜಾಡಿನಲ್ಲಿ ಬೆಳೆಯುತ್ತದೆಯೇ ಹೊರತು ಮೊದಲಿಗೇ ಇಡೀ ಈಲಿಯಲ್ಲಿ ಹರಡುವುದಿಲ್ಲ.

ಅಪ್ಪಣೆ ತಲುಪಿದ ನಕ್ಷತ್ರ ಕೋಶ ಕೊಲಾಜೆನ್ನಿನ ಮೂಲ ನಕಾಶೆಯಿಂದ ಪ್ರತಿಗಳನ್ನು ತೆಗೆದು, ಆ ಪ್ರತಿಗಳನ್ನು ನೋಡಿಕೊಂಡು ಎಳೆಗಳನ್ನು ತಯಾರಿಸುತ್ತದೆ. ಪ್ರತಿಗಳು ಹೆಚ್ಚಾಗುವುದರಿಂದಲೇ ನಾರು ಹೆಚ್ಚುತ್ತದೆ ಎಂದು ಯಾರಾದರೂ ತಿಳಿಯಬಹುದು. ಅದು ಅರ್ಧ ಮಾತ್ರ ನಿಜ. ಶಾಂತವಾಗಿರುವ ಕೋಶದಲ್ಲಿಯೂ ಪ್ರತಿಗಳು ಒಂದಿಷ್ಟು ಆಗುತ್ತಿರುತ್ತವೆ, ಆದರೆ ಹೆಚ್ಚು ಹೊತ್ತು ಬಾಳುವುದಿಲ್ಲ. ಇಲಿಯ ಕೋಶಗಳಲ್ಲಿ ನೋಡಿದಾಗ ಒಂದೂವರೆ ಗಂಟೆಯಲ್ಲಿ ಅರ್ಧದಷ್ಟು ನಾಶವಾಗುತ್ತಿದ್ದ ಪ್ರತಿಗಳು, ಕೋಶ ಕೆರಳಿದ ಮೇಲೆ 24 ಗಂಟೆಗಳಾದರೂ ಅರ್ಧದಷ್ಟು ಉಳಿದಿದ್ದವು. ಬೇಗ ಹರಿದೆಸೆಯುತ್ತಿದ್ದ ಕಾಗದವನ್ನು ದಿನವೆಲ್ಲ ಗೋಡೆಗೆ ಅಂಟಿಸಿಟ್ಟುಕೊಂಡು ಕೆಲಸ ಮಾಡಿದಂತೆ. ಅಪ್ಪಣೆಯ ಕಾಗದ ಒಂದೇ ಆದರೂ ಕೆಲಸ ಹತ್ತಾರು ಪಟ್ಟು ನಡೆದುಹೋಗುತ್ತದೆ.

ತಯಾರಾದ ಎಳೆಗಳು ಕೋಶದೊಳಗೇ ಹೊಸೆದುಕೊಂಡು ಹೊರಬೀಳುತ್ತವೆ. ಹೊಸೆತ ಗಟ್ಟಿಯಾಗಲು ಜೀವಸತ್ವ ಸಿ ಮತ್ತು ಕಬ್ಬಿಣದ ಅಂಶ ಬೇಕು. ಮನುಷ್ಯರಂತಲ್ಲದೆ ದನ ಕುರಿಗಳು ಜೀವಸತ್ವ ಸಿ ಯನ್ನು ತಮ್ಮ ಈಲಿಯಲ್ಲಿಯೇ ತಯಾರಿಸಿಕೊಳ್ಳುತ್ತವೆ. ಹೊರಬಂದ ಹುರಿಗಳ ತುದಿಗಳನ್ನು ಕಿಣ್ವಗಳು ಕತ್ತರಿಸಿ ಓರಣ ಮಾಡುತ್ತವೆ. ಅನಂತರ ತಾಮ್ರದ ಅಂಶವುಳ್ಳ ಒಂದು ಕಿಣ್ವ ಪಕ್ಕಪಕ್ಕದ ಹುರಿಗಳನ್ನು ಅಡ್ಡಕ್ಕೆ ಹೊಲಿದುಬಿಡುತ್ತದೆ. ಈ ಹೊಲಿಗೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ, ವಾರ ತಿಂಗಳುಗಳಲ್ಲಿ ಹೆಚ್ಚುತ್ತ ಹೋಗುತ್ತದೆ. ಹೊಸದಾಗಿ ಹೊಸೆದ ಹುರಿಯನ್ನು ಕೈಯಲ್ಲೇ ಬಿಚ್ಚಬಹುದು. ವರ್ಷಗಟ್ಟಲೆ ಬಿಗಿದು ಗಂಟುಗಟ್ಟಿದ ಹಗ್ಗವನ್ನು ಬಿಚ್ಚಲಾಗುವುದಿಲ್ಲ. ರೈತರಿಗೆ ಮುಖ್ಯವಾದ ಮಾತು ಇಲ್ಲಿಯೇ ಇದೆ.

ಮತ್ತೊಂದು ವಿಚಿತ್ರವುಂಟು. ನಕ್ಷತ್ರ ಕೋಶ ತಾನು ಕುಳಿತಿರುವ ನೆಲ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಎಂಬುದನ್ನೂ ಅರಿಯಬಲ್ಲದು. ಗಟ್ಟಿಯಾದಷ್ಟೂ ಅದು ಇನ್ನಷ್ಟು ಕೆರಳಿ ಮತ್ತಷ್ಟು ನಾರು ಹೊಸೆಯುತ್ತದೆ. ಅಂದರೆ ಒಂದು ಹಂತ ದಾಟಿದ ಮೇಲೆ ನಾರೇ ನಾರನ್ನು ಹುಟ್ಟಿಸತೊಡಗುತ್ತದೆ.

ಬಿಚ್ಚುವ ಕೆಲಸವೂ ಇದೆ

ಹೊಸೆಯುವವರಿದ್ದ ಹಾಗೆಯೇ ಬಿಚ್ಚುವವರೂ ಇದ್ದಾರೆ. ಮಳೆಗಾಲದಲ್ಲಿ ಕೆರೆಯ ದಡದಲ್ಲಿ ಗೊದಮೊಟ್ಟೆಗಳನ್ನು ಎಲ್ಲರೂ ನೋಡಿರುತ್ತಾರೆ. ಅವು ಕಪ್ಪೆಯಾಗುವಾಗ ಬಾಲ ಉದುರಿ ಬೀಳುವುದಿಲ್ಲ, ಕೆಲವೇ ದಿನಗಳಲ್ಲಿ ಇದ್ದಲ್ಲಿಯೇ ಕರಗಿ ಹೋಗುತ್ತದೆ. ಬಾಲದ ತುಂಬ ಕೊಲಾಜೆನ್ ಇರುವಾಗ ಅದು ಕರಗುವುದು ಹೇಗೆ? ಅಮೆರಿಕದ ಗ್ರೋಸ್ ಮತ್ತು ಲಾಪಿಯೇರ್ 1962ರಲ್ಲಿ ಗೊದಮೊಟ್ಟೆಯ ಬಾಲದ ಚೂರುಗಳನ್ನು ಕೊಲಾಜೆನ್ನಿನ ಗಂಜಿಯ ಮೇಲೆ ಇಟ್ಟು ನೋಡಿದಾಗ ಚೂರಿನ ಸುತ್ತ ಗಂಜಿ ಕರಗಿತು. ಹೀಗೆ ಕೊಲಾಜೆನ್ನನ್ನು ತುಂಡರಿಸುವ ಕಿಣ್ವ ಪತ್ತೆಯಾಯಿತು. ಇಂಥ ಕಿಣ್ವಗಳು ಈಲಿಯಲ್ಲಿಯೂ ಇವೆ.

ಹಾಗಾದರೆ ನಾರು ಕರಗಿಹೋಗಬೇಕಲ್ಲ? ಕೆರಳಿದ ನಕ್ಷತ್ರ ಕೋಶ ನಾರನ್ನು ಹೊಸೆಯುವುದರ ಜೊತೆಗೆ ಈ ಕಿಣ್ವಗಳ ಬಾಯಿ ಕಟ್ಟುವ ಪದಾರ್ಥವನ್ನೂ ಬಿಡುತ್ತದೆ. ಹಗ್ಗ ಹೊಸೆಯುವವನೇ ಕತ್ತರಿಯನ್ನೂ ಬಚ್ಚಿಟ್ಟಂತಾಯಿತು. ಕತ್ತರಿ ಮತ್ತೆ ಆಡಬೇಕಾದರೆ ಮೊದಲು ಆ ಕೋಶ ಸುಮ್ಮನಾಗಬೇಕು. ಅದು ಸುಮ್ಮನಾಗಬೇಕಾದರೆ ಗಾಯ ನಿಲ್ಲಬೇಕು.

ಇದನ್ನು ಇಲಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಇಂಗ್ಲೆಂಡಿನಲ್ಲಿ ಐರ್‌ಡೇಲ್ ಮತ್ತು ಸಂಗಡಿಗರು ನಾಲ್ಕು ವಾರ ವಿಷ ಕೊಟ್ಟು ಇಲಿಗಳ ಈಲಿಯಲ್ಲಿ ನಾರು ಬೆಳೆಸಿ, ಆಮೇಲೆ ವಿಷವನ್ನು ನಿಲ್ಲಿಸಿದರು. ಇನ್ನು ನಾಲ್ಕು ವಾರದಲ್ಲಿ ನಾರಿನ ಬಹುಭಾಗ ಕರಗಿ ಈಲಿ ಹೆಚ್ಚುಕಡಿಮೆ ಮೊದಲಿನಂತಾಯಿತೆಂದು 1998ರಲ್ಲಿ ಪ್ರಕಟಿಸಿದರು. ನಾರು ಹೊಸೆಯುತ್ತಿದ್ದ ಕೋಶಗಳು ತಾವಾಗಿಯೇ ಸತ್ತಿದ್ದವು. ಆದರೆ ಹನ್ನೆರಡು ವಾರ ವಿಷ ಕೊಟ್ಟ ಇಲಿಗಳಲ್ಲಿ ಒಂದು ವರ್ಷ ಕಾದರೂ ದಪ್ಪನೆಯ, ಅಡ್ಡ ಹೊಲಿಗೆ ಬಿದ್ದ ನಾರಿನ ಪಟ್ಟಿಗಳು ಉಳಿದೇ ಇದ್ದವೆಂದು 2004ರಲ್ಲಿ ಕಂಡುಬಂತು. 2012ರಲ್ಲಿ ಎರಡು ತಂಡಗಳು ಚಿಟ್ಟಿಲಿಗಳಲ್ಲಿ ಇನ್ನೊಂದು ಸಂಗತಿ ಕಂಡವು. ಗಾಯ ನಿಂತ ಮೇಲೆ ಕೆಲವು ಕೋಶಗಳು ಸಾಯದೆ ಮತ್ತೆ ಶಾಂತವಾಗುತ್ತವೆ. ಆದರೆ ಪೂರ್ತಿ ಮೊದಲಿನಂತಾಗುವುದಿಲ್ಲ. ಮತ್ತೆ ಗಾಯವಾದರೆ ಮೊದಲ ಸಲಕ್ಕಿಂತ ಬೇಗ ಕೆರಳಿ ನಾರು ಹೊಸೆಯಲು ನಿಲ್ಲುತ್ತವೆ.

ಆ ಇಲಿಗಳಿಗೆ ಕೊಟ್ಟ ವಿಷ ಕಾರ್ಬನ್ ಟೆಟ್ರಾಕ್ಲೋರೈಡ್. ಹಿಂದೆ ಕುರಿಗಳ ಚಪ್ಪಟೆ ಹುಳುವಿಗೆ ಔಷಧಿಯೆಂದು ದೇಶವಿದೇಶಗಳಲ್ಲಿ ದಶಕಗಳ ಕಾಲ ಕುಡಿಸುತ್ತಿದ್ದದ್ದೂ ಇದನ್ನೇ! ಹುಳು ಸಾಯುತ್ತಿತ್ತು, ಜೊತೆಗೆ ಕೆಲವು ಕುರಿಗಳೂ ಸಾಯುತ್ತಿದ್ದವು. ಹೆಚ್ಚು ಸುರಕ್ಷಿತವಾದ ಔಷಧಿಗಳು ಬಂದ ಮೇಲೆ ಅದು ಬಳಕೆಯಿಂದ ಹೋಯಿತು.

ಕೆರೆ ಅಂಗಳದ ಹುಳು

ಶಿಂಷಾ ಹೊಳೆಯ ಬಯಲು, ಮಲ್ಲಾಘಟ್ಟದಂಥ ದೊಡ್ಡ ಕೆರೆಗಳು, ಊರೂರಿನ ಸಣ್ಣ ಕಟ್ಟೆಗಳು, ಹೇಮಾವತಿ ನಾಲೆಯ ಬಸಿನೀರು ನಿಲ್ಲುವ ತಗ್ಗುಗಳು, ಇವುಗಳಲ್ಲಿ ಬಸವನಹುಳುಗಳು ಬೆಳೆಯಲು ಬೇಕಾದದ್ದೆಲ್ಲ ಇದೆ. ಬಯಲು ಸೀಮೆಯ ರಾಸುಗಳಲ್ಲಿ ಕಾಣುವ ಚಪ್ಪಟೆ ಹುಳು ದೊಡ್ಡ ಜಾತಿಯದು, ಏಳು ಸೆಂಟಿಮೀಟರಿನವರೆಗೂ ಉದ್ದವಾಗುತ್ತದೆ. ಇದರ ಮೊಟ್ಟೆ ಸಗಣಿಯೊಡನೆ ನೀರಿಗೆ ಸೇರಿ ಎರಡು ಮೂರು ವಾರದಲ್ಲಿ ಒಡೆಯುತ್ತದೆ. ಹೊರಬಂದ ಮರಿಗೆ ಸುಮಾರು ಒಂದು ದಿನದೊಳಗೆ ತಕ್ಕ ಬಸವನಹುಳು ಸಿಕ್ಕಬೇಕು, ಇಲ್ಲದಿದ್ದರೆ ಸಾಯುತ್ತದೆ. ಆ ಬಸವನಹುಳುವಿನ ಚಿಪ್ಪು ತೆಳುವಾಗಿ, ಕಂದಾಗಿ, ಬಾಯಿ ಕಿವಿಯಂತೆ ಅಗಲವಾಗಿರುತ್ತದೆ. ಚೂಪು ತುದಿಯನ್ನು ಮೇಲೆ ಮಾಡಿ ಬಾಯಿಯನ್ನು ತನ್ನ ಕಡೆಗೆ ಹಿಡಿದರೆ ಬಾಯಿ ಬಲಗಡೆಗೆ ಬರುತ್ತದೆ. ಜಿಲೇಬಿಯಂತೆ ಚಪ್ಪಟೆ ಸುತ್ತಿದ ಬಸವನಹುಳು ಇದಲ್ಲ. ಅದು ಹೊಟ್ಟೆಚೀಲದ ಹುಳುವನ್ನು ಹರಡುತ್ತದೆ.

ಬಸವನಹುಳುವಿನೊಳಗೆ ಒಂದೂವರೆ ಎರಡು ತಿಂಗಳು ಬೆಳೆದು, ಒಂದು ಮರಿ ನೂರಾರಾಗಿ ಹೊರಬಂದು, ನೀರಂಚಿನ ಹುಲ್ಲಿಗೂ ಭತ್ತದ ಬುಡಕ್ಕೂ ಅಂಟಿ ಸಾಸಿವೆಗಿಂತ ಸಣ್ಣದಾದ ಗೂಡು ಕಟ್ಟಿಕೊಳ್ಳುತ್ತವೆ. ಮಾಗಿ ಕಳೆದು ಕೆರೆಯ ನೀರು ಹಿಂದೆ ಸರಿದಂತೆಲ್ಲ ಅಂಗಳದಲ್ಲಿ ಹಸಿರು ಹುಲ್ಲು ಏಳುತ್ತದೆ. ತೋಟದ ಸಾಲುಗಳಲ್ಲಿ ಮೇವು ಒಣಗಿರುವ ಆ ಕಾಲದಲ್ಲಿ ದನ ಕುರಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ರೋಗ ಹತ್ತುವುದು ಹೆಚ್ಚಾಗಿ ಹೀಗೆ.

ತಿಂದ ಮರಿಹುಳು ಕರುಳನ್ನು ಕೊರೆದುಕೊಂಡು ಹೊರಬಂದು ವಾರದೊಳಗೆ ಈಲಿಯನ್ನು ಹೊಕ್ಕುತ್ತದೆ. ಸುಮಾರು ಎರಡೂವರೆ ಮೂರು ತಿಂಗಳು ಅದರ ಮಾಂಸಭಾಗದಲ್ಲಿ ಗೆದ್ದಲಿನಂತೆ ಸುರಂಗ ಕೊರೆಯುತ್ತ ಬೆಳೆಯುತ್ತದೆ. ಈ ಸುರಂಗಗಳೇ ಮೇಲೆ ಹೇಳಿದ ಗಾಯ. ಪ್ರತಿ ಸುರಂಗದ ಜಾಡಿನಲ್ಲಿಯೂ ಲಕೋಟೆ ಒಡೆಯುತ್ತದೆ, ನಕ್ಷತ್ರ ಕೋಶಗಳು ಕೆರಳುತ್ತವೆ, ಬಿಳಿ ಗೀರು ಬೀಳುತ್ತದೆ. ಅನಂತರ ಹುಳು ಪಿತ್ತನಾಳ ಸೇರಿ ಅಲ್ಲಿಯೇ ನೆಲೆಸುತ್ತದೆ. ನಾಳದಲ್ಲಿರುವ ಹುಳು ತನ್ನ ಮೈಯಿಂದ ಅಪಾರವಾಗಿ ಪ್ರೋಲಿನ್ನನ್ನು ಬಿಡುತ್ತದೆಂದೂ, ಹುಳುವೇ ಇಲ್ಲದ ಇಲಿಗಳಿಗೆ ಬರೀ ಪ್ರೋಲಿನ್ ಕೊಟ್ಟರೂ ಪಿತ್ತನಾಳದ ಗೋಡೆ ದಪ್ಪವಾಯಿತೆಂದೂ 1977ರಲ್ಲಿ ಇಸೆರಾಫ್ ಮತ್ತು ಸಂಗಡಿಗರು ತೋರಿಸಿದರು. ಹುಳು ಗಾಯ ಮಾಡುವುದಲ್ಲದೆ ಹಗ್ಗಕ್ಕೆ ಬೇಕಾದ ನಾರನ್ನೂ ತಾನೇ ತಂದು ಸುರಿದಂತೆ.

ಹಸುವಿನಲ್ಲಿ ಈ ನಾರಿನಿಂದ ಒಂದು ಉಪಕಾರವೂ ಇದೆ. ಗೋಡೆ ದಪ್ಪವಾಗಿ ಸುಣ್ಣಗಟ್ಟಿದ ಈಲಿಯಲ್ಲಿ ಹೊಸ ಮರಿಹುಳುಗಳಿಗೆ ಕೊರೆಯುವುದು ಕಷ್ಟ, ಹಳೆಯ ಹುಳುಗಳೂ ಬಹಳ ಕಾಲ ಬಾಳುವುದಿಲ್ಲ. ಆದ್ದರಿಂದ ದೊಡ್ಡ ದನ ಸಾಯುವುದು ಅಪರೂಪ, ಸೊರಗಿ ಸೊರಗಿ ನಷ್ಟ ಮಾಡುತ್ತದೆ. ಕುರಿಗೆ ಈ ಗೋಡೆ ಕಟ್ಟುವ ಶಕ್ತಿ ಕಡಿಮೆ. ಒಂದೇ ಸಲ ಹೆಚ್ಚು ಮರಿಹುಳು ಹೊಕ್ಕರೆ ಮಂದೆಯಲ್ಲಿ ಚೆನ್ನಾಗಿದ್ದ ಕುರಿಗಳೇ ಒಳಗೆ ರಕ್ತ ಸುರಿದು ಸಾಯುತ್ತವೆ. ಉಳಿದವು ವರ್ಷಗಟ್ಟಲೆ ಹುಳು ಹೊತ್ತು ಅಂಗಳದಲ್ಲಿ ಮೊಟ್ಟೆ ಚೆಲ್ಲುತ್ತ ತಿರುಗುತ್ತವೆ.

ಔಷಧಿಯ ಸಮಯ

ಸಗಣಿ ಪರೀಕ್ಷೆಯಲ್ಲಿ ಮೊಟ್ಟೆ ಕಾಣಿಸುವುದು ಸೋಂಕು ತಗಲಿದ ಮೂರು ನಾಲ್ಕು ತಿಂಗಳ ಮೇಲೆ. ಸುರಂಗ ಕೊರೆದು ನಾರು ಬೀಳುವ ಕಾಲದಲ್ಲಿ ಸಗಣಿಯಲ್ಲಿ ಏನೂ ಇರುವುದಿಲ್ಲ. ಹೀಗಾಗಿ ಕೆರೆ ಅಂಗಳದಲ್ಲಿ ಮೇಯುವ ರಾಸುಗಳಿಗೆ ಸಗಣಿಯಲ್ಲಿ ಮೊಟ್ಟೆ ಕಾಣಲೆಂದು ಕಾಯುವುದೂ, ಗದ್ದ ಊದಲೆಂದು ಕಾಯುವುದೂ ಸರಿಯಲ್ಲ. ಮೇಯಲು ಬಿಟ್ಟ ತಿಂಗಳನ್ನು ಲೆಕ್ಕ ಹಾಕಿ ಪಶುವೈದ್ಯರಿಗೆ ಹೇಳಬೇಕು. ಎಲ್ಲ ಔಷಧಿಗಳೂ ಒಂದೇ ಬಗೆಯಲ್ಲ. ಆಕ್ಸಿಕ್ಲೋಜನೈಡ್, ಆಲ್ಬೆಂಡಜೋಲ್ ಮುಂತಾದವು ಪಿತ್ತನಾಳ ಸೇರಿದ ಬಲಿತ ಹುಳುಗಳನ್ನು ಮಾತ್ರ ಕೊಲ್ಲುತ್ತವೆ. ಇವನ್ನು ಕೊಟ್ಟರೆ ಮಾಂಸಭಾಗದಲ್ಲಿರುವ ಮರಿಗಳು ಉಳಿದುಕೊಳ್ಳುವುದರಿಂದ ಎರಡು ಮೂರು ತಿಂಗಳ ಮೇಲೆ ಮತ್ತೊಮ್ಮೆ ಕೊಡಬೇಕಾಗುತ್ತದೆ. ಟ್ರೈಕ್ಲಾಬೆಂಡಜೋಲ್ ಮಾತ್ರ ಎಳೆಯ ಮರಿಗಳನ್ನೂ ಕೊಲ್ಲಬಲ್ಲದು. ಅಂದರೆ ಹುರಿಗೆ ಅಡ್ಡ ಹೊಲಿಗೆ ಬೀಳುವ ಮೊದಲೇ ಗಾಯವನ್ನು ನಿಲ್ಲಿಸಬಲ್ಲದು. ಯಾವುದನ್ನು ಕೊಡಬೇಕು, ಎಷ್ಟು ಕೊಡಬೇಕು ಎಂಬುದು ರಾಸಿನ ತೂಕ, ಗಬ್ಬ, ಹಾಲು ಇವುಗಳ ಮೇಲೆ ನಿಂತಿದೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು. ಕಣ್ಣಂದಾಜಿನಲ್ಲಿ ಕಡಿಮೆ ಕುಡಿಸಿದರೆ ಹುಳು ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ.

ಅಂಗಡಿಗಳಲ್ಲಿ ಸಿಗುವ ಈಲಿಯ ಟಾನಿಕ್ಕುಗಳನ್ನು ಮಾತ್ರ ಕುಡಿಸಿ ಹುಳುವನ್ನು ಒಳಗೇ ಬಿಟ್ಟರೆ ದುಡ್ಡು ದಂಡ. ಗಾಯ ಮುಂದುವರಿದಿರುವ ತನಕ ನಕ್ಷತ್ರ ಕೋಶ ಸುಮ್ಮನಾಗುವುದಿಲ್ಲ. ಜೀವಸತ್ವ ಎ ಕೊಟ್ಟರೂ ನಾರು ಕರಗುವುದಿಲ್ಲ. ಕಣಜ ಬರಿದಾದ ರಾಸಿಗೆ ಹುಳು ಹೋದ ಮೇಲೆ ಹಸಿರು ಮೇವು ಕೊಟ್ಟು ಕಣಜ ತುಂಬಿಸುವುದು ಒಳ್ಳೆಯದು. ಅತಿಯಾದರೆ ಜೀವಸತ್ವ ಎ ಯೂ ಈಲಿಗೆ ಕೇಡೇ.

ಒಮ್ಮೆ ಗುಣವಾದ ರಾಸನ್ನು ಮರುವರ್ಷ ಅದೇ ಅಂಗಳಕ್ಕೆ ಬಿಡುವುದು ಹೊಸ ರಾಸನ್ನು ಬಿಡುವುದಕ್ಕಿಂತ ಕೆಟ್ಟದ್ದಾಗಬಹುದು. ಕೋಶಗಳು ಹಳೆಯ ಕಸುಬನ್ನು ಮರೆತಿರುವುದಿಲ್ಲ. ಅಂಗಳದ ಹುಲ್ಲನ್ನು ಕೊಯ್ದು ತರುವುದಾದರೆ ನೀರಿಗಿಂತ ಮೇಲೆ ಕೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಬೇಕು. ಒಣಗಿದ ಹುಲ್ಲಿನಲ್ಲಿ ಆ ಸಣ್ಣ ಗೂಡುಗಳು ಬಾಳುವುದಿಲ್ಲ. ಕುಡಿಯುವ ನೀರಿಗೆ ಕೆರೆಗಿಂತ ತೊಟ್ಟಿ ಲೇಸು. ಬಾತುಕೋಳಿ ಸಾಕಿದವರ ಕಟ್ಟೆಗಳಲ್ಲಿ ಬಸವನಹುಳು ಕಡಿಮೆ. ಹಿಂದೆ ಬಸವನಹುಳು ಕೊಲ್ಲಲು ಮೈಲುತುತ್ತ ಹಾಕಲು ಹೇಳುತ್ತಿದ್ದರು. ಕೆರೆಗೆ ಅದನ್ನು ಹಾಕಿದರೆ ಮೀನು ಸಾಯುತ್ತದೆ. ತಾಮ್ರದ ವಿಷ ಕುರಿಗೆ ಬಹಳ ಬೇಗ ತಗಲುತ್ತದೆ. ಆದ್ದರಿಂದ ಆ ದಾರಿ ಬೇಡ.

ಬೂಷ್ಟು ಹಿಡಿದ ಹಿಂಡಿ

ಕೆರೆ ಅಂಗಳಕ್ಕೆ ಕಾಲೇ ಇಡದ, ಮನೆಯಲ್ಲೇ ಕಟ್ಟಿ ಮೇಯಿಸುವ ಕರುಗಳಲ್ಲಿಯೂ ಈಲಿ ನಾರುಗಟ್ಟುವುದುಂಟು. ಆಗ ಹಿಂಡಿಯನ್ನು ನೋಡಬೇಕು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಒಣಗಿದ್ದು, ತಿನ್ನಲು ಹೋಗುತ್ತದೆ. ಗಾಣಕ್ಕೆ ಹೋಗುವ ಕೊ‌ಬ್ಬರಿಯಲ್ಲಿ ಒಡಕು, ಕಪ್ಪು ಹಿಡಿದದ್ದು ಸೇರಿರುತ್ತದೆ. ಅದರ ಹಿಂಡಿಯಾಗಲಿ ಕಡಲೆಕಾಯಿ ಹಿಂಡಿಯಾಗಲಿ ತೇವ ತಾಗಿದರೆ ಹಳದಿ ಹಸಿರು ಬೂಷ್ಟು ಬಂದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತಾಗ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಇಲ್ಲಿ ಸುರಂಗಗಳಿಲ್ಲ. ವಿಷ ರಕ್ತದೊಡನೆ ಹರಡಿ ಎಲ್ಲ ಕಡೆಯೂ ಜೀವಕೋಶಗಳನ್ನು ಕೊಲ್ಲುವುದರಿಂದ ನಾರು ಇಡೀ ಈಲಿಯಲ್ಲಿ ಹರಡುತ್ತದೆ. ದೊಡ್ಡ ದನಕ್ಕಿಂತ ಎಳೆಗರುಗಳಿಗೆ ಇದು ಹೆಚ್ಚು ತಗಲುತ್ತದೆ. ಕರೆಯುವ ಹಸು ತಿಂದರೆ ವಿಷದ ಒಂದು ಪಾಲು ರೂಪ ಬದಲಿಸಿಕೊಂಡು ಹಾಲಿನಲ್ಲಿಯೂ ಇಳಿಯುತ್ತದೆ. ಬೂಷ್ಟನ್ನು ಕೆರೆದು ತೆಗೆದ ಹಿಂಡಿಯಲ್ಲಿ ವಿಷ ಉಳಿದೇ ಇರುತ್ತದೆ. ನೆನೆಸಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಹಿಂಡಿಯ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಬೇಕು, ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಆಗುವಷ್ಟೇ ತರಬೇಕು.

ಗಬ್ಬದ ಹಸು, ಕರು, ಕುರಿ ಮಂದೆ ಯಾವುದಕ್ಕೇ ಆಗಲಿ ಔಷಧಿ ಕುಡಿಸಿದ ತಾರೀಕು, ಔಷಧಿಯ ಹೆಸರು, ಅಳತೆ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಸಲ ಮರಿಹುಳು ಕೊಲ್ಲುವ ಔಷಧಿ ಬೇಕೋ ಬಲಿತ ಹುಳುವಿನ ಔಷಧಿ ಸಾಕೋ ಎಂಬುದನ್ನು ಪಶುವೈದ್ಯರು ಆ ತಾರೀಕನ್ನು ನೋಡಿಯೇ ನಿರ್ಧರಿಸುತ್ತಾರೆ. ಕರೆಯುವ ಹಸುವಿಗೆ ಕುಡಿಸಿದ ಮೇಲೆ ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದೆಂಬುದು ಔಷಧಿಯ ಮೇಲಿನ ಚೀಟಿಯಲ್ಲಿರುತ್ತದೆ, ಕುಡಿಸುವ ಮೊದಲೇ ಅದನ್ನು ಓದಿಕೊಳ್ಳಬೇಕು.